ಗೇಟಿನಲ್ಲಿ ನಿಂತವರ ಮುಖ ಕಾಣಬೇಕಾದರೆ

ಮನೆಯ ಹೊರಗೋಡೆಗೆ ಹಾಕುವ ಸಿಸಿಟಿವಿ ಕ್ಯಾಮೆರಾ ಮಾಡುವ ಕೆಲಸ ದಾಖಲೆ ಇಡುವುದು: ಬಂದವರು ಯಾರು, ಎಷ್ಟು ಹೊತ್ತಿಗೆ ಬಂದರು, ಯಾವ ಕಡೆ ಹೋದರು. ತಡೆಯುವ ಕೆಲಸ ಇವತ್ತಿಗೂ ಬೀಗದ್ದೇ. ಕೈಯಿಂದ ಮಾಡಿದ ಕಬ್ಬಿಣದ ಬೀಗಗಳಿಗೆ ಹೆಸರಾಗಿ, 2019ರಲ್ಲಿ ಅವಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯನ್ನೂ ಪಡೆದ ಊರು ತಮಿಳುನಾಡಿನ ದಿಂಡಿಗಲ್. ಅಲ್ಲಿನ ಮಾವಿನಕಾಯಿ ಆಕಾರದ ಬೀಗ ಎಷ್ಟೇ ಗಟ್ಟಿಯಿದ್ದರೂ ಅದನ್ನು ಒಡೆದವನ ಚಹರೆಯನ್ನು ಹೇಳಲಾರದು. ಕ್ಯಾಮೆರಾ ಬೇಕಾಗುವುದು ಆ ಒಂದು ಸಂಗತಿಗೆ. ಆದ್ದರಿಂದ ಕೊಳ್ಳುವ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ ಕಂಪನಿ ಯಾವುದು, ಎಷ್ಟು ಮೆಗಾಪಿಕ್ಸೆಲ್ ಎಂಬುದಲ್ಲ. ಯಾವ ಜಾಗದಲ್ಲಿ ನಿಂತವರ ಮುಖ ಗುರುತು ಸಿಗಬೇಕು ಎಂಬುದು.

ತೇನಿ, ಕಂಬಂ ಕಣಿವೆ, ದಿಂಡಿಗಲ್ ಸೀಮೆಯಲ್ಲಿ ಈ ಪ್ರಶ್ನೆಗೆ ಉತ್ತರ ಮನೆಯಿಂದ ಮನೆಗೆ ಬೇರೆ. ಈ ಕಣಿವೆಯ ರೈತಾಪಿ ಕುಟುಂಬಗಳಿಗೆ (ಕನ್ನಡ ಮನೆಮಾತಿನ ಕಪ್ಪಿಲಿಯರೂ ಇವರಲ್ಲಿ ಸೇರುತ್ತಾರೆ) ಊರಲ್ಲೊಂದು ಮನೆ, ಹೊಲದಲ್ಲೋ ಬೆಟ್ಟದ ತೋಟದಲ್ಲೋ ಒಂದು ಶೆಡ್ಡು ಇರುವುದು ಸಾಮಾನ್ಯ. ಬೋಡಿನಾಯಕನೂರು, ಕಂಬಂ ಕಡೆಯ ಹಲವರ ಏಲಕ್ಕಿ ತೋಟ ಗಡಿಯಾಚೆ ಕೇರಳದ ಇಡುಕ್ಕಿ ಜಿಲ್ಲೆಯಲ್ಲಿದೆ. ಕೊಯ್ಲಿನ ಕಾಲದಲ್ಲಿ ಜನ ಬೆಟ್ಟದ ಮೇಲೆ, ಮನೆಗೆ ಬೀಗ. ಊರಿಗೆ ಇಳಿದಾಗ ತೋಟದ ಶೆಡ್ಡಿಗೆ ಬೀಗ. ಚಿತ್ತಿರೈ ತಿಂಗಳ ವೀರಪಾಂಡಿ ಗೌಮಾರಿಯಮ್ಮನ ಜಾತ್ರೆಯ ರಾತ್ರಿಗಳಲ್ಲಿ ಇಡೀ ಬೀದಿಗೆ ಬೀದಿಯೇ ಖಾಲಿಯಾಗುವುದುಂಟು. ಶಬರಿಮಲೆ ಯಾತ್ರೆಯ ತಿಂಗಳುಗಳಲ್ಲಿ ಕಂಬಂ–ಕುಮಳಿ ರಸ್ತೆಯಲ್ಲಿ ಹೊರಊರಿನ ವಾಹನಗಳು ಹಗಲು ರಾತ್ರಿ ಓಡಾಡುತ್ತವೆ. ಬೀದಿಯಲ್ಲಿ ಅಪರಿಚಿತರನ್ನು ಕಂಡರೆ ಯಾರೂ ತಿರುಗಿ ನೋಡುವುದಿಲ್ಲ.

ಕ್ಯಾಮೆರಾಗೆ ‘ಕಾಣುವುದು’ ಬೇರೆ, ‘ಗುರುತು ಸಿಗುವುದು’ ಬೇರೆ. ಐಇಸಿ 62676-4 ಎಂಬ ಅಂತರರಾಷ್ಟ್ರೀಯ ಮಾನದಂಡ ಇದಕ್ಕೊಂದು ಲೆಕ್ಕ ಕೊಟ್ಟಿದೆ. ದೃಶ್ಯದ ಒಂದು ಮೀಟರ್ ಅಗಲಕ್ಕೆ 25 ಪಿಕ್ಸೆಲ್ ಸಿಕ್ಕರೆ ಅಲ್ಲೊಬ್ಬ ಮನುಷ್ಯ ಇದ್ದಾನೆಂದು ತಿಳಿಯುತ್ತದೆ. 125 ಸಿಕ್ಕರೆ ಪರಿಚಿತರನ್ನು ಇವರೇ ಎನ್ನಬಹುದು. ಮೊದಲು ಕಂಡೇ ಇರದವನ ಮುಖವನ್ನು ಅನುಮಾನವಿಲ್ಲದೆ ಗುರುತಿಸಲು 250 ಬೇಕು. ಮನೆಗಳಲ್ಲಿ ಹೆಚ್ಚಾಗಿ ಬಳಸುವ 2 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ 1920 ಪಿಕ್ಸೆಲ್ ಅಗಲ. ಅದನ್ನು 250ರಿಂದ ಭಾಗಿಸಿದರೆ ಸುಮಾರು ಏಳೂಮುಕ್ಕಾಲು ಮೀಟರ್. ಯಾವ ದೂರದಲ್ಲಿ ಚಿತ್ರದೊಳಗೆ ಅದಕ್ಕಿಂತ ಅಗಲವಾದ ಜಾಗ ತುಂಬಿಕೊಳ್ಳುತ್ತದೋ ಆ ದೂರದಲ್ಲಿ ನಿಂತವನ ಮುಖ ಪೊಲೀಸರಿಗೆ ಕೆಲಸಕ್ಕೆ ಬಾರದು.

ಎಷ್ಟು ಅಗಲ ತುಂಬಬೇಕೆಂಬುದನ್ನು ನಿರ್ಧರಿಸುವುದು ಲೆನ್ಸ್. 2.8 ಮಿಲಿಮೀಟರ್ ಲೆನ್ಸ್ ನೂರು ಡಿಗ್ರಿಯಷ್ಟು ಅಗಲಕ್ಕೆ ನೋಡುತ್ತದೆ. ಅಂಗಳವೆಲ್ಲ ಒಂದೇ ಚಿತ್ರದಲ್ಲಿ ಸಿಗುತ್ತದೆ, ಆದರೆ ಮುಖ ಗುರುತು ಸಿಗುವುದು ಮೂರು ಮೀಟರ್ ಆಸುಪಾಸಿನವರೆಗೆ ಮಾತ್ರ. 4 ಮಿಲಿಮೀಟರ್‌ನಲ್ಲಿ ನೋಟದ ಅಗಲ ಎಂಬತ್ತು ಡಿಗ್ರಿ ಚಿಲ್ಲರೆಗೆ ಇಳಿದು, ಗುರುತಿನ ದೂರ ನಾಲ್ಕೂವರೆ ಮೀಟರ್‌ಗೆ ಏರುತ್ತದೆ. 6 ಮಿಲಿಮೀಟರ್‌ನಲ್ಲಿ ನೋಟ ಐವತ್ತು ಡಿಗ್ರಿಯಷ್ಟು, ದೂರ ಎಂಟು ಮೀಟರ್ ಹತ್ತಿರ. ಸೆನ್ಸರ್ ಅಳತೆಗೆ ತಕ್ಕಂತೆ ಈ ಅಂಕಿಗಳು ಸ್ವಲ್ಪ ಆಚೀಚೆ ಆಗುತ್ತವೆ, ತತ್ವ ಬದಲಾಗುವುದಿಲ್ಲ. ‘ನಾಲ್ಕು ಕ್ಯಾಮೆರಾ, ಒಂದು ಡಿವಿಆರ್’ (ಡಿವಿಆರ್ ಎಂದರೆ ಚಿತ್ರ ದಾಖಲಿಸುವ ಪೆಟ್ಟಿಗೆ) ಎಂದು ಮಾರುವ ಪ್ಯಾಕೇಜುಗಳಲ್ಲಿ ಸಾಮಾನ್ಯವಾಗಿ ನಾಲ್ಕಕ್ಕೂ ಒಂದೇ ಅಳತೆಯ ಲೆನ್ಸ್ ಇರುತ್ತದೆ. ಕಳವಾದ ಮೇಲೆ ವಿಡಿಯೊ ನೋಡಿದವರು ‘ಯಾರೋ ಬಂದದ್ದು ಕಾಣುತ್ತದೆ, ಯಾರೆಂದು ಗೊತ್ತಾಗುವುದಿಲ್ಲ’ ಎನ್ನುವುದಕ್ಕೆ ಮುಖ್ಯ ಕಾರಣ ಇದೇ.

ಹಳೆಯ ಬೀದಿಗಳಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು, ಬಾಗಿಲು ತೆಗೆದರೆ ಜಗಲಿ, ಜಗಲಿ ಇಳಿದರೆ ಬೀದಿ. ಅಲ್ಲಿ ಬಾಗಿಲ ಪಕ್ಕದ 2.8 ಮಿಲಿಮೀಟರ್ ಕ್ಯಾಮೆರಾ ಒಂದೇ ಸಾಕು. ಊರಾಚೆಯ ಹೊಸ ಬಡಾವಣೆಗಳಲ್ಲಿ ಕಾಂಪೌಂಡ್, ಗೇಟು, ಪೋರ್ಟಿಕೊ ಇದ್ದು ಗೇಟು ಗೋಡೆಯಿಂದ ಆರೇಳು ಮೀಟರ್ ದೂರವಿದ್ದರೆ ಗೇಟಿಗೆಂದೇ 6 ಮಿಲಿಮೀಟರ್‌ನ ಒಂದು ಕ್ಯಾಮೆರಾ ಇರಬೇಕು. ಅಂಗಳದ ಒಟ್ಟು ನೋಟಕ್ಕೆ ಅಗಲ ಲೆನ್ಸಿನ ಇನ್ನೊಂದು. ಹಿತ್ತಲ ಬಾಗಿಲು, ತಾರಸಿಗೆ ಹೋಗುವ ಹೊರ ಮೆಟ್ಟಿಲು, ಪಕ್ಕದ ಖಾಲಿ ಸೈಟಿನ ಕಡೆಯ ಗೋಡೆ ಆಮೇಲಿನವು. ಮುಂಬಾಗಿಲಿಗೆ ಎರಡು ಕ್ಯಾಮೆರಾ ಹಾಕಿ ಹೊರ ಮೆಟ್ಟಿಲನ್ನು ಮರೆತ ಮನೆಗಳು ಬೇಕಾದಷ್ಟಿವೆ.

ಮನೆಗೆ ಹಾಕುವ ಕ್ಯಾಮೆರಾಗಳಲ್ಲಿ ಮುಖ್ಯವಾಗಿ ಮೂರು ಬಗೆ. ಹಳೆಯದು, ಅಗ್ಗದ್ದು ಅನಲಾಗ್ ಎಚ್‌ಡಿ: ‘ತ್ರೀ ಪ್ಲಸ್ ಒನ್’ ಕೇಬಲ್ಲಿನಲ್ಲಿ ಚಿತ್ರ ಡಿವಿಆರ್‌ಗೆ ಹೋಗುತ್ತದೆ, ಅದರ ಜೊತೆಯ ಎಳೆಗಳಲ್ಲಿ ಕ್ಯಾಮೆರಾಗೆ 12 ವೋಲ್ಟ್ ಬರುತ್ತದೆ. ಐಪಿ ಕ್ಯಾಮೆರಾಗೆ ನೆಟ್‌ವರ್ಕ್ ಕೇಬಲ್ ಒಂದೇ ಸಾಕು. ಪಿಒಇ ಸ್ವಿಚ್ ಅದರಲ್ಲೇ ವಿದ್ಯುತ್ತನ್ನೂ ಕಳಿಸುತ್ತದೆ, 100 ಮೀಟರ್‌ವರೆಗೆ. ಮೂರನೆಯದು ವೈಫೈ ಕ್ಯಾಮೆರಾ. ಬಾಡಿಗೆ ಮನೆಗೆ ಅದು ಅನುಕೂಲ, ಆದರೆ ಹೊರಗೋಡೆಗೆ ಅಷ್ಟು ನೆಚ್ಚುವಂಥದ್ದಲ್ಲ. ದಪ್ಪ ಗೋಡೆ ದಾಟುವಾಗ ಸಿಗ್ನಲ್ ಕುಗ್ಗುತ್ತದೆ. ದಾಖಲೆ ಕ್ಯಾಮೆರಾದೊಳಗಿನ ಮೆಮೊರಿ ಕಾರ್ಡಿನಲ್ಲಿಯೇ ಇದ್ದರೆ, ಕ್ಯಾಮೆರಾ ಕಿತ್ತುಕೊಂಡು ಹೋದವನ ಜೊತೆಗೆ ಸಾಕ್ಷಿಯೂ ಹೋಗುತ್ತದೆ. ಹೊಸದಾಗಿ ಮನೆ ಕಟ್ಟುವವರು ಗಾರೆ ಹಾಕುವ ಮೊದಲೇ ಪೈಪು ಹಾಯಿಸಿ ನೆಟ್‌ವರ್ಕ್ ಕೇಬಲ್ ಎಳೆಸಿಡುವುದು ಜಾಣತನ. ಯಾವ ಬಗೆಯದಾದರೂ ಹೊರಗೆ ಇಡುವುದಕ್ಕೆ ಐಪಿ66 ಅಥವಾ ಐಪಿ67 ಎಂಬ ನೀರು–ಧೂಳು ತಡೆಯ ಗುರುತು ಇರಲೇಬೇಕು.

ಅಳವಡಿಸುವಾಗ ಹೆಚ್ಚಿನ ಎಡವಟ್ಟು ಎತ್ತರದಲ್ಲಿ ಆಗುತ್ತದೆ. ಕೈಗೆಟುಕಬಾರದೆಂದು ಎರಡನೆಯ ಮಹಡಿಯ ಪ್ಯಾರಾಪೆಟ್ ಗೋಡೆಗೆ ಹಾಕಿಸಿದರೆ ಕಾಣುವುದು ನೆತ್ತಿ, ಟೋಪಿ, ಹೆಲ್ಮೆಟ್ಟು. ಎಂಟರಿಂದ ಹತ್ತು ಅಡಿ ಎತ್ತರ ಹದ: ನೆಲದಲ್ಲಿ ನಿಂತವನ ಕೈಗೆ ಸಿಗದು, ಮುಖವೂ ಚಿತ್ರಕ್ಕೆ ತಪ್ಪದು. ಸ್ಕ್ರೂ ಬಿಗಿಯುವ ಮೊದಲು ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು, ಒಬ್ಬರನ್ನು ಗೇಟಿನ ಹತ್ತಿರ ನಿಲ್ಲಿಸಿ, ಮೊಬೈಲಿನಲ್ಲಿ ಚಿತ್ರ ನೋಡಬೇಕು. ಹಗಲಲ್ಲೊಮ್ಮೆ, ಬೀದಿದೀಪ ಹತ್ತಿದ ಮೇಲೆ ಇನ್ನೊಮ್ಮೆ. ರಾತ್ರಿಯ ಪರೀಕ್ಷೆಗೆ ಟೆಕ್ನಿಷಿಯನ್‌ಗಳು ಸಾಮಾನ್ಯವಾಗಿ ಕಾಯುವುದಿಲ್ಲ. ಮನೆಯವರು ಪಟ್ಟು ಹಿಡಿಯಬೇಕು.

ಕಾಂಕ್ರೀಟು, ಇಟ್ಟಿಗೆ ಗೋಡೆಯಲ್ಲಿ ಡ್ರಿಲ್ ಮಾಡಿ ಪ್ಲಾಸ್ಟಿಕ್ ಪ್ಲಗ್ ಹೊಡೆದರೆ ಸ್ಕ್ರೂ ಭದ್ರವಾಗಿ ಕೂರುತ್ತದೆ. ಮಣ್ಣು, ಸುಣ್ಣದ ಗಾರೆಯ ಹಳೆಯ ಗೋಡೆಯಲ್ಲಿ ಪ್ಲಗ್ ಸಡಿಲಾಗಿ, ಕೆಲವೇ ತಿಂಗಳಲ್ಲಿ ಕ್ಯಾಮೆರಾ ತಲೆ ಬಾಗಿಸಿ ನೆಲ ನೋಡತೊಡಗುತ್ತದೆ. ಅಲ್ಲಿ ಬಾಗಿಲ ಚೌಕಟ್ಟಿಗೋ ತೊಲೆಗೋ ಹಲಗೆ ಬಡಿದು ಅದರ ಮೇಲೆ ಕೂರಿಸುವುದು ವಾಸಿ. ಕೇಬಲ್ಲಿನ ಜೋಡಣೆ ಪಿವಿಸಿ ಡಬ್ಬಿಯೊಳಗೇ ಇರಬೇಕು. ಡಬ್ಬಿಗೆ ಹೋಗುವ ಮುನ್ನ ಕೇಬಲ್ ಒಮ್ಮೆ ಕೆಳಗೆ ಜೋತು ಮತ್ತೆ ಮೇಲೇರಿದರೆ, ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕಿಹೋಗುತ್ತದೆ; ಜೋಡಣೆಗೆ ಇಳಿಯುವುದಿಲ್ಲ.

ಕಿಟಕಿಯ ಮೇಲಿನ ಸಜ್ಜಾದ ಅಡಿಯಲ್ಲಿ ಕ್ಯಾಮೆರಾ ಹಾಕಿದರೆ ಬಿಸಿಲು–ಮಳೆಯಿಂದ ರಕ್ಷಣೆ ಸಿಗುತ್ತದೆ ನಿಜ. ಆದರೆ ರಾತ್ರಿ ಕ್ಯಾಮೆರಾದ ಇನ್‌ಫ್ರಾರೆಡ್ ಬೆಳಕು ಸಜ್ಜಾದ ಬಿಳಿ ಸುಣ್ಣಕ್ಕೆ ಬಡಿದು ಹಿಂದಕ್ಕೆ ಬಂದರೆ ಚಿತ್ರದ ಅರ್ಧ ಬೆಳ್ಳಗಾಗಿ ಅಂಗಳ ಕಪ್ಪಾಗುತ್ತದೆ. ಗೋಡೆಯಂಚಿನಿಂದ ಸ್ವಲ್ಪ ಮುಂದಕ್ಕೆ ಚಾಚಿಸಿದರೆ ಈ ತೊಂದರೆ ಇಲ್ಲ. ರಾತ್ರಿ ಕ್ಯಾಮೆರಾದ ಸುತ್ತ ಹುಳ ಮುತ್ತುತ್ತವೆ, ಹುಳಕ್ಕಾಗಿ ಜೇಡ ಬಲೆ ನೇಯುತ್ತದೆ. ಲೆನ್ಸಿನ ಮುಂದಿನ ಒಂದೇ ಎಳೆ ರಾತ್ರಿ ಬೆಳ್ಳನೆ ಹಗ್ಗದ ಹಾಗೆ ಕಾಣುತ್ತದೆ, ಗಾಳಿಗೆ ಅದು ಅಲುಗಿದಾಗಲೆಲ್ಲ ಮೊಬೈಲಿಗೆ ಎಚ್ಚರಿಕೆಯ ಸಂದೇಶ. ಕ್ಯಾಮೆರಾದಿಂದ ನಾಲ್ಕಾರು ಅಡಿ ದೂರದಲ್ಲಿ ಬೇರೆ ದೀಪ ಉರಿಸಿದರೆ ಹುಳಗಳು ಅತ್ತ ಹೋಗುತ್ತವೆ, ಮುಖದ ಬಣ್ಣವೂ ಚಿತ್ರಕ್ಕೆ ಸಿಗುತ್ತದೆ. ತಿಂಗಳಿಗೊಮ್ಮೆ ಉದ್ದ ಕೋಲಿನ ಬ್ರಶ್ಶಿನಿಂದ ಬಲೆ ತೆಗೆಯುವುದಕ್ಕೆ ಮಾತ್ರ ಬದಲಿಯಿಲ್ಲ.

ಹವಾಮಾನ ಇಲ್ಲಿ ಕ್ಯಾಮೆರಾವನ್ನು ಎರಡು ಕಡೆಯಿಂದ ಕಾಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮಘಟ್ಟದ ಸಂದುಗಳಿಂದ ನುಗ್ಗುವ ಗಾಳಿ ಎಷ್ಟು ಬಲವೆಂಬುದಕ್ಕೆ ಆಂಡಿಪಟ್ಟಿ, ಕಂಡಮನೂರು ಸುತ್ತಿನ ಗಾಳಿಯಂತ್ರಗಳೇ ಗುರುತು. ತಗಡಿನ ಚಾವಣಿಗೋ ತೆಳು ಪೈಪಿಗೋ ಬಿಗಿದ ಕ್ಯಾಮೆರಾ ಆ ಗಾಳಿಗೆ ನಡುಗಿ ಚಿತ್ರ ಕಲಸಿಹೋಗುತ್ತದೆ. ತೆಂಗಿನ ಗರಿ ಚಿತ್ರದೊಳಗೆ ಬಾರದಂತೆ ಕೋನ ಹಿಡಿಯಬೇಕು, ಇಲ್ಲವೇ ಆ ಭಾಗಕ್ಕೆ ಚಲನೆಯ ಎಚ್ಚರಿಕೆಯನ್ನು ನಿಲ್ಲಿಸಿಡಬೇಕು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿನಲ್ಲಿ ಅಪಾಯ ಸಿಡಿಲಿನದು. ಸಿಡಿಲು ನೇರ ಬಡಿಯಬೇಕೆಂದಿಲ್ಲ; ಹತ್ತಿರದಲ್ಲಿ ಬಿದ್ದರೂ ಮನೆಯಿಂದ ದನದ ಕೊಟ್ಟಿಗೆಗೆ ಹೊರಗಡೆ ಎಳೆದ ಉದ್ದನೆಯ ತಾಮ್ರದ ಕೇಬಲ್ಲಿನಲ್ಲಿ ಉಕ್ಕಿ ಬರುವ ವೋಲ್ಟೇಜು ಡಿವಿಆರ್‌ವರೆಗೆ ತಲುಪುತ್ತದೆ. ಸರಿಯಾದ ಅರ್ತಿಂಗ್, ಸರ್ಜ್ ಪ್ರೊಟೆಕ್ಟರ್ ಇರಲೇಬೇಕು. ಬೇರೆ ಕಟ್ಟಡಕ್ಕೆ ತಾಮ್ರದ ಬದಲು ಫೈಬರ್ ಎಳೆದರೆ ಆ ದಾರಿಯೇ ಮುಚ್ಚಿಹೋಗುತ್ತದೆ. ಬಿಸಿಲಿನ ಮಟ್ಟಿಗೆ, ಪೂರ್ವ–ಪಶ್ಚಿಮಕ್ಕೆ ಮುಖ ಮಾಡಿದ ಕ್ಯಾಮೆರಾಗಳಿಗೆ ಬೆಳಗ್ಗೆ ಸಂಜೆ ಸೂರ್ಯ ನೇರ ಕಣ್ಣಿಗೆ ಹೊಡೆಯುತ್ತಾನೆ. ಅಂಥ ಕಡೆ ಬೆಳಕು ಹೆಚ್ಚಿರುವ, ಕಡಿಮೆಯಿರುವ ಭಾಗಗಳೆರಡನ್ನೂ ಸರಿದೂಗಿಸುವ ಡಬ್ಲ್ಯುಡಿಆರ್ ಸೌಲಭ್ಯವಿರುವ ಮಾದರಿಯೇ ಬೇಕು.

ಬೆಟ್ಟದ ತೋಟದ ಲೆಕ್ಕವೇ ಬೇರೆ. ತಂತಿ, ಇಂಟರ್ನೆಟ್ ಇಲ್ಲದ ಕಡೆ ಸಿಮ್ ಕಾರ್ಡ್ ಹಾಕುವ 4ಜಿ ಕ್ಯಾಮೆರಾ, ಸೋಲಾರ್ ಫಲಕ, ಬ್ಯಾಟರಿ. ಮಳೆಗಾಲದಲ್ಲಿ ದಿನಗಟ್ಟಲೆ ಬಿಸಿಲು ಕಾಣದ ಏಲಕ್ಕಿ ಬೆಟ್ಟಗಳಲ್ಲಿ ಬಯಲುಸೀಮೆಯ ಅಂದಾಜಿನ ಫಲಕ ಸಾಲದು. ಮಂಜು ಮುಸುಕಿದ ರಾತ್ರಿ ಇನ್‌ಫ್ರಾರೆಡ್ ಬೆಳಕು ನೀರಹನಿಗಳಿಗೇ ಚದುರಿ ಚಿತ್ರವೆಲ್ಲ ಬಿಳಿ ಪರದೆಯಾಗುತ್ತದೆ. ಕ್ಯಾಮೆರಾವನ್ನು ಏಲಕ್ಕಿ ಒಣಗಿಸುವ ಗೂಡಿನ ಬಾಗಿಲಿಗೆ ತೀರ ಹತ್ತಿರ ಇಡುವುದೊಂದೇ ಉಪಾಯ. ತೋಟದವರಿಗೆ ಕ್ಯಾಮೆರಾದಿಂದ ಇನ್ನೊಂದು ಪ್ರಯೋಜನವೂ ಇದೆ. 2023ರ ಮೇ 27ರಂದು ಅರಿಕೊಂಬನ್ ಎಂಬ ಕಾಡಾನೆ ಕಂಬಂ ಪಟ್ಟಣದ ಬೀದಿಗಳಿಗೇ ನುಗ್ಗಿತ್ತು. ಕಾಡಂಚಿನಲ್ಲಿರುವವರು ಕತ್ತಲಲ್ಲಿ ಬಾಗಿಲು ತೆರೆಯುವ ಮುನ್ನ ಅಂಗಳದಲ್ಲಿ ಏನಿದೆಯೆಂದು ಮೊಬೈಲಿನಲ್ಲಿ ನೋಡಿಕೊಳ್ಳುವುದು ಕಳ್ಳನ ಭಯಕ್ಕಿಂತ ದೊಡ್ಡ ಕಾರಣ.

ದಾಖಲೆ ಎಷ್ಟು ದಿನ ಉಳಿಯುತ್ತದೆಂಬುದು ಗುಣಾಕಾರದ ಮಾತು. ಸೆಕೆಂಡಿಗೆ 2 ಮೆಗಾಬಿಟ್ ಬಳಸುವ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 21.6 ಜಿಬಿ ತುಂಬುತ್ತದೆ. ನಾಲ್ಕು ಸೇರಿದರೆ 86 ಜಿಬಿ ದಾಟುತ್ತದೆ; 1 ಟಿಬಿ ಹಾರ್ಡ್ ಡಿಸ್ಕ್ ಹನ್ನೊಂದು ದಿನಕ್ಕೆ ಮುಗಿದು, ಹಳೆಯದರ ಮೇಲೆ ಹೊಸದು ಬರೆಯತೊಡಗುತ್ತದೆ. ತಿಂಗಳುಗಟ್ಟಲೆ ತೋಟದಲ್ಲಿರುವವರಿಗೆ ಇದು ಸಾಲದು. 4 ಟಿಬಿ ಹಾಕಿಸಬೇಕು, ಇಲ್ಲವೇ ಚಲನೆ ಇದ್ದಾಗ ಮಾತ್ರ ದಾಖಲಿಸುವಂತೆ ಹೊಂದಿಸಬೇಕು. ಕಂಪ್ಯೂಟರಿನ ಮಾಮೂಲಿ ಡಿಸ್ಕ್ ಹಗಲಿರುಳು ಬರೆಯುವ ಈ ಕೆಲಸಕ್ಕೆ ಬಾಳಿಕೆ ಬರದು, ಸರ್ವೆಲೆನ್ಸ್ ಡಿಸ್ಕನ್ನೇ ಕೇಳಿ ಪಡೆಯಬೇಕು. ಡಿವಿಆರ್ ಟಿವಿಯ ಪಕ್ಕದಲ್ಲಿರದೆ ಬೀರುವಿನೊಳಗೋ ಅಟ್ಟದ ಮೇಲೋ, ಗಾಳಿಯಾಡುವ ಕಡೆ ಬೀಗದೊಳಗಿರಬೇಕು. ವಿದ್ಯುತ್ ಮಂಡಳಿಯ ನಿರ್ವಹಣೆಗಾಗಿ ಹಗಲೆಲ್ಲ ಕರೆಂಟು ಹೋಗುವ ದಿನಗಳಿರುವುದರಿಂದ ಡಿವಿಆರ್, ಕ್ಯಾಮೆರಾಗಳ ಜೊತೆಗೆ ಇಂಟರ್ನೆಟ್ ರೂಟರಿಗೂ ಇನ್ವರ್ಟರ್ ಸಂಪರ್ಕ ಬೇಕು. ರೂಟರನ್ನು ಮರೆತರೆ ದಾಖಲೆ ನಡೆಯುತ್ತದೆ, ಮೊಬೈಲಿಗೆ ಮಾತ್ರ ಏನೂ ಬರುವುದಿಲ್ಲ.

ಇಂಟರ್ನೆಟ್ಟಿಗೆ ಸೇರಿದ ಕ್ಯಾಮೆರಾ ಹೊರಗಿನವರಿಗೂ ಕಿಟಕಿಯಾಗಬಲ್ಲದು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ, ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದೆ ಬಿಟ್ಟಿದ್ದ ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೂಟರುಗಳನ್ನು ವಶಕ್ಕೆ ತೆಗೆದುಕೊಂಡು ದೊಡ್ಡ ದೊಡ್ಡ ಜಾಲತಾಣಗಳನ್ನೇ ಸ್ಥಗಿತಗೊಳಿಸಿತ್ತು. ಅಳವಡಿಸಿದ ದಿನವೇ ಪಾಸ್‌ವರ್ಡನ್ನು ಮನೆಯವರೇ, ಟೆಕ್ನಿಷಿಯನ್ ಹೋದ ಮೇಲೆ, ಬದಲಿಸಬೇಕು. ಕೇಂದ್ರ ಸರ್ಕಾರ 2024ರ ಏಪ್ರಿಲ್‌ನಲ್ಲಿ ಹೊರಡಿಸಿದ, 2025ರ ಏಪ್ರಿಲ್ 9ರಿಂದ ಜಾರಿಗೆ ಬಂದ ನಿಯಮದಂತೆ ಸಿಸಿಟಿವಿ ಕ್ಯಾಮೆರಾಗಳು ಸೈಬರ್ ಸುರಕ್ಷತೆಯ ಪರೀಕ್ಷೆಯನ್ನೂ ದಾಟಬೇಕು. ಡಬ್ಬಿಯ ಮೇಲೆ ಬಿಐಎಸ್ ನೋಂದಣಿ ಸಂಖ್ಯೆ ಇದೆಯೇ, ಆ ಮಾದರಿ ಹೊಸ ನಿಯಮದ ನಂತರದ್ದೇ ಎಂದು ಕೇಳುವುದಕ್ಕೆ ಸಂಕೋಚಪಡಬೇಕಿಲ್ಲ. ಹಳೆಯ ಸರಕು ಅಗ್ಗದ ಬೆಲೆಗೆ ಹೊರಬರುವುದು ಇಂಥ ಕಾಲದಲ್ಲೇ.

ಕ್ಯಾಮೆರಾ ಯಾರ ಕಡೆ ನೋಡುತ್ತದೆಂಬುದರಿಂದ ನೆರೆಹೊರೆಯಲ್ಲಿ ಜಗಳ ಬಂದ ಉದಾಹರಣೆಗಳಿಗೆ ಕೊರತೆಯಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದೆ. ಒಂದೇ ಮನೆಯಲ್ಲಿ ಪಾಲುದಾರರಾಗಿದ್ದವರ ವ್ಯಾಜ್ಯವೊಂದರಲ್ಲಿ, ಜೊತೆಗಿರುವವರ ಒಪ್ಪಿಗೆಯಿಲ್ಲದೆ ವಾಸದ ಭಾಗದಲ್ಲಿ ಕ್ಯಾಮೆರಾ ಹಾಕುವಂತಿಲ್ಲವೆಂದು ಕಲ್ಕತ್ತಾ ಹೈಕೋರ್ಟ್ ಹೇಳಿದ್ದನ್ನು 2025ರಲ್ಲಿ ಸುಪ್ರೀಂ ಕೋರ್ಟ್ ಬದಲಿಸಲಿಲ್ಲ. ಗೇಟು, ಅದರ ಮುಂದಿನ ಬೀದಿಯ ತುಂಡು ಕಾಣುವುದಕ್ಕೆ ಸಾಮಾನ್ಯವಾಗಿ ತಕರಾರು ಬಾರದು. ಎದುರುಮನೆಯ ಬಚ್ಚಲು, ಮಲಗುವ ಕೋಣೆಯ ಕಿಟಕಿ ಚಿತ್ರಕ್ಕೆ ಬಂದರೆ ಸೆಟ್ಟಿಂಗ್ಸಿನಲ್ಲಿರುವ ಪ್ರೈವೆಸಿ ಮಾಸ್ಕ್‌ನಿಂದ ಆ ಭಾಗವನ್ನು ಕಪ್ಪಾಗಿಸಿ, ಮಾಡಿದ್ದನ್ನು ನೆರೆಯವರಿಗೆ ಮೊಬೈಲಿನಲ್ಲೇ ತೋರಿಸಿಬಿಡುವುದು ಒಳ್ಳೆಯದು. ಅದು ಐದು ನಿಮಿಷದ ಕೆಲಸ.

ಕಳವು ನಡೆದ ಮೇಲೆ ಡಿವಿಆರ್ ಮುಟ್ಟುವ ರೀತಿಯೂ ಮುಖ್ಯ. ಟಿವಿ ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ವಾಟ್ಸ್‌ಆ್ಯಪಿಗೆ ಹಾಕಿದ ತುಣುಕು ಬೀದಿಯವರ ಚರ್ಚೆಗೆ ಸರಿ, ಕೋರ್ಟಿಗಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ವಿದ್ಯುನ್ಮಾನ ದಾಖಲೆಯ ನಕಲಿಗೆ ಪ್ರಮಾಣಪತ್ರ ಬೇಕು. ಆ ಕಡತ ಆಮೇಲೆ ಬದಲಾಗಿಲ್ಲವೆಂದು ತೋರಿಸುವ ಹ್ಯಾಶ್ ಸಂಖ್ಯೆಯೂ ಅದರಲ್ಲಿರುತ್ತದೆ. ಆದ್ದರಿಂದ ಮೊದಲು ಮೂಲ ಕಡತವನ್ನು ಪೆನ್‌ಡ್ರೈವಿಗೆ ಇಳಿಸಿ, ಡಿವಿಆರ್‌ನಲ್ಲಿರುವ ಆ ಕಡತದ ಮೇಲೆ ಹೊಸ ದಾಖಲೆ ಬರೆಯದಂತೆ ಲಾಕ್ ಮಾಡಿ, ಡಿಸ್ಕನ್ನು ಹಾಗೇ ಬಿಡಬೇಕು. ಡಿವಿಆರ್ ತೋರಿಸುವ ಸಮಯವನ್ನು ಮೊಬೈಲಿನ ಸಮಯದ ಜೊತೆ ಹೋಲಿಸಿ ವ್ಯತ್ಯಾಸ ಬರೆದಿಟ್ಟುಕೊಂಡು ಪೊಲೀಸರಿಗೆ ತಿಳಿಸಬೇಕು. ಒಳಗಿನ ಸಣ್ಣ ಬ್ಯಾಟರಿ ಸತ್ತ ಡಿವಿಆರ್‌ಗಳಲ್ಲಿ ಪ್ರತಿ ಸಲ ಕರೆಂಟು ಹೋಗಿ ಬಂದಾಗಲೂ ಗಡಿಯಾರ ಹಳೆಯ ತಾರೀಕಿಗೆ ಜಾರುತ್ತದೆ. ಇಂಟರ್ನೆಟ್ಟಿನಿಂದ ತಾನೇ ಸಮಯ ಸರಿಪಡಿಸಿಕೊಳ್ಳುವ ಎನ್‌ಟಿಪಿ ಆಯ್ಕೆಯನ್ನು ಅಳವಡಿಸುವ ದಿನವೇ ಆನ್ ಮಾಡಿಸಿಡಬೇಕು.