ಚಟಪಟ ಸದ್ದು ಹಾಡಿನದೋ, ಯಂತ್ರದ್ದೋ?

ಚಳ್ಳಕೆರೆ ಸೀಮೆಯ ಕಾಡುಗೊಲ್ಲರು ಜುಂಜಪ್ಪನ ಕಥೆ ಹೇಳುವಾಗ ಊದುವ ಗಣೆ ಮಾಮೂಲಿ ಕೊಳಲಲ್ಲ. ಅದು ಉದ್ದನೆಯ ಬಿದಿರು. ಸ್ವರದೊಂದಿಗೆ ಊದುವವನ ಉಸಿರೂ ಕೇಳಿಸುತ್ತದೆ. ಈ ಭಾಗದ ದೇವರ ಉತ್ಸವಗಳಲ್ಲಿ ಬರುವ ಉರುಮೆಯದೂ ಅದೇ ಜಾತಿ; ಚರ್ಮದ ಮೇಲೆ ಬಾಗಿದ ಕೋಲನ್ನು ಉಜ್ಜಿ ಗುರುಗುಟ್ಟಿಸುವ ವಾದ್ಯ ಅದು. ಇಂಥ ಸಂಗೀತದಲ್ಲಿ ಯಾವುದು ನಾದ, ಯಾವುದು ಬರಿಯ ಸದ್ದು ಎಂದು ಗೆರೆ ಎಳೆಯುವುದು ಸುಲಭವಲ್ಲ.

ಹಳೆಯ ಧ್ವನಿಸುರುಳಿಗಳು ಕಂಪ್ಯೂಟರಿನ ಕಡತಗಳಾಗುತ್ತಿರುವ ಈ ಕಾಲದಲ್ಲಿ ಆ ಗೆರೆಯ ಪ್ರಶ್ನೆ ಮತ್ತೆ ಎದುರಾಗಿದೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದುಬರಹ ಕಲಿತವರಲ್ಲ; ಸಾವಿರಾರು ಹಾಡುಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದರು. ಕೃಷ್ಣಮೂರ್ತಿ ಹನೂರರು ಆ ಹಾಡುಗಳನ್ನು ಸಂಗ್ರಹಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆಕೆಗೆ ನಾಡೋಜ ಗೌರವ ನೀಡಿತು. ಆ ತಲೆಮಾರಿನವರ ದನಿ ಒಮ್ಮೆ ಹೋದರೆ ಹೋಯಿತು, ಮತ್ತೆ ಹಾಡಿಸಿಕೊಳ್ಳುವಂತಿಲ್ಲ. ಹಾಗಿರುವಾಗ, ಅಂಥ ಒಂದು ದನಿಯ ಕಡತವನ್ನು ತೆರೆದು ಕೇಳುತ್ತ ಕುಳಿತವರಿಗೆ ನಡುನಡುವೆ ‘ಚಟ್, ಚಟ್’ ಎಂದು ಕೇಳಿಸಿದರೆ? ಕಡತವೇ ಕೆಟ್ಟಿದೆ ಎಂದು ಬಹಳ ಮಂದಿ ತೀರ್ಮಾನಿಸಿಬಿಡುತ್ತಾರೆ. ಅಲ್ಲಿಗೇ ನಿಲ್ಲದೆ ಅದನ್ನು ‘ಶುದ್ಧೀಕರಿಸಿ’, ಮೂಲವನ್ನು ಅಳಿಸಿಹಾಕುವವರೂ ಇದ್ದಾರೆ.

ಆ ಸದ್ದು ಅನೇಕ ವೇಳೆ ಕಡತದಲ್ಲಿ ಇರುವುದೇ ಇಲ್ಲ. ಕಡತ ಕಿವಿಗೆ ತಲುಪುವ ದಾರಿಯಲ್ಲಿ ಹುಟ್ಟಿಕೊಂಡಿರುತ್ತದೆ.

ಧ್ವನಿಯನ್ನು ಅಂಕಿಗಳಾಗಿಸುವುದೆಂದರೆ ಅದರ ಏರಿಳಿತವನ್ನು ಕ್ಷಣಕ್ಷಣಕ್ಕೂ ಅಳೆದು ಬರೆದಿಡುವುದು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಅಳತೆಗಳು, ಒಂದೊಂದು ಅಳತೆಗೂ 16 ಬಿಟ್‌ಗಳು. ದಾಖಲೆಗಾಗಿ ಮಾಡುವ ಸೂಕ್ಷ್ಮ ಮುದ್ರಣಗಳಲ್ಲಿ 96,000 ಅಳತೆ, 24 ಬಿಟ್ ಸಾಮಾನ್ಯ, 1,92,000ದವೂ ಉಂಟು. ಎರಡು ಕಿವಿಗೂ ಸೇರಿಸಿ ಲೆಕ್ಕ ಹಾಕಿದರೆ ಸಿ.ಡಿ.ಗೆ ಸೆಕೆಂಡಿಗೆ 1,76,400 ಬೈಟ್ ಸಾಕು. 96,000ದ ಕಡತಕ್ಕೆ 5,76,000, ಅದರ ಮೇಲಿನದಕ್ಕೆ 11,52,000 ಬೈಟ್ ಬೇಕು. ಇಷ್ಟೂ ಸರಕು ಎಡೆಬಿಡದೆ, ಹೊತ್ತಿಗೆ ಸರಿಯಾಗಿ ಬರುತ್ತಿರಬೇಕು.

ಇದನ್ನು ತಿಳಿಯಲು ಮೊಳಕಾಲ್ಮೂರಿನ ರೇಷ್ಮೆ ಮಗ್ಗವನ್ನು ನೆನೆಯಬಹುದು. ನೇಯುವವನು ಲಾಳಿ ಓಡಿಸುತ್ತಿದ್ದರೆ ಮನೆಯವರು ರಾಟೆಯಲ್ಲಿ ಕಂಡಿಕೆ ಸುತ್ತುತ್ತಿರುತ್ತಾರೆ. ನೇಯುವವನ ಪಕ್ಕದಲ್ಲಿ ನಾಲ್ಕಾರು ಕಂಡಿಕೆಗಳು ಮುಂಚೆಯೇ ಸಿದ್ಧವಾಗಿದ್ದರೆ ರಾಟೆ ಅರೆಗಳಿಗೆ ತಡವಾದರೂ ಚಿಂತೆಯಿಲ್ಲ. ಕಂಪ್ಯೂಟರಿನ ‘ಬಫರ್’ ಎಂದರೆ ಈ ಕಂಡಿಕೆಯ ಬುಟ್ಟಿಯೇ. ವ್ಯತ್ಯಾಸವಿಷ್ಟೆ: ಕಂಡಿಕೆ ಮುಗಿದರೆ ನೇಕಾರ ಕೈ ನಿಲ್ಲಿಸುತ್ತಾನೆ, ಯಂತ್ರ ನಿಲ್ಲಿಸುವುದಿಲ್ಲ. ನೂಲಿಲ್ಲದ ಲಾಳಿಯನ್ನೇ ಓಡಿಸಿಬಿಡುತ್ತದೆ. ಬಟ್ಟೆಯಲ್ಲಿ ಬೀಳುವ ಆ ಖಾಲಿ ಎಳೆಯೇ ನಮ್ಮ ಕಿವಿಗೆ ‘ಚಟ್’.

ಹಾಗಾದರೆ ದೋಷ ಎಲ್ಲಿದೆ ಎಂದು ಪತ್ತೆ ಮಾಡುವುದು ಹೇಗೆ? ಉಪಕರಣವೇನೂ ಬೇಡ. ಸದ್ದು ಬಂದ ಜಾಗವನ್ನು ಮೂರು ಬಾರಿ ಹಾಕಿ ಕೇಳಿ. ಪ್ರತಿಸಲವೂ ಬೇರೆ ಬೇರೆ ಕಡೆ ಚಟಗುಟ್ಟಿದರೆ ಕಡತ ನಿರಪರಾಧಿ, ಸರಬರಾಜಿನಲ್ಲಿ ತೊಡಕಿದೆ. ಕಡತವನ್ನು ಪೆನ್‌ಡ್ರೈವಿನಿಂದ ನೇರವಾಗಿ ನುಡಿಸದೆ ಕಂಪ್ಯೂಟರಿಗೆ ಇಳಿಸಿಕೊಂಡು ಕೇಳಬೇಕು. ತೆರೆದಿಟ್ಟ ಬೇರೆ ಕೆಲಸಗಳನ್ನು ಮುಚ್ಚಬೇಕು. ನುಡಿಸುವ ತಂತ್ರಾಂಶದಲ್ಲಿ ಬಫರನ್ನು ಹಿಗ್ಗಿಸಬೇಕು. ಹಾಡು ಶುರುವಾಗುವುದು ಚೂರು ತಡವಾದೀತು, ಕೇಳುಗನಿಗೆ ಅದರಿಂದ ನಷ್ಟವೇನು? ಸಡಿಲವಾದ ತಂತಿಯನ್ನೂ ಒಮ್ಮೆ ಅಲುಗಾಡಿಸಿ ನೋಡಿ. ಎಷ್ಟೋ ಸಲ ಕಳ್ಳ ಅಲ್ಲೇ ಸಿಗುತ್ತಾನೆ.

ಗಡಿಯಾರದಂತೆ ಒಂದೇ ಅಂತರದಲ್ಲಿ ಟಿಕ್ ಎನ್ನುತ್ತಿದ್ದರೆ ಎರಡು ಯಂತ್ರಗಳ ಗಡಿಯಾರ ಹೊಂದುತ್ತಿಲ್ಲ ಎಂದು ಶಂಕಿಸಬಹುದು. ಕಳಿಸುವ ಯಂತ್ರ, ನುಡಿಸುವ ಯಂತ್ರ ಎರಡೂ ತಮ್ಮ ತಮ್ಮ ಲೆಕ್ಕದಲ್ಲಿ ಅಳತೆಗಳನ್ನು ಎಣಿಸಿದರೆ ಆಗಾಗ ಒಂದು ಹೆಚ್ಚಾಗುತ್ತದೆ, ಇಲ್ಲವೆ ಕಡಿಮೆ ಬೀಳುತ್ತದೆ. ಎರಡನ್ನೂ ಒಂದೇ ಗಡಿಯಾರಕ್ಕೆ ಕಟ್ಟಿ, ಕಡತದ ಅಳತೆಯ ವೇಗವನ್ನೇ ಯಂತ್ರಕ್ಕೂ ಗೊತ್ತುಮಾಡಿದರೆ ಸದ್ದು ಅಡಗುತ್ತದೆ.

ಮೂರು ಸಲವೂ ಅದೇ ಅಕ್ಷರದ ಮೇಲೆ ಬಂದರೆ ವಾಲ್ಯೂಮ್ ತಗ್ಗಿಸಿ ನೋಡಿ. ಸದ್ದು ಹೋದರೆ ಸ್ಪೀಕರಿಗೆ ಭಾರ ಹೆಚ್ಚಾಗಿತ್ತು, ಅಷ್ಟೆ. ಇನ್ನೊಂದು ಯಂತ್ರದಲ್ಲಿ ಹಾಕಿದರೂ ಅಲ್ಲೇ ಉಳಿದರೆ ಅದು ಮುದ್ರಣದಲ್ಲೇ ಇದೆ. ಹಾಡುಗಾರ ದನಿ ಏರಿಸಿದಾಗ ಅಳತೆಯ ಮಿತಿ ಮೀರಿ ಅಲೆಯ ತಲೆ ಕತ್ತರಿಸಿರಬಹುದು. ಇದನ್ನು ಪೂರ್ತಿಯಾಗಿ ಸರಿಪಡಿಸಲಾಗದು. ಹಳೆಯ ಗ್ರಾಮಫೋನ್ ತಟ್ಟೆಯಿಂದ ಬಂದದ್ದಾದರೆ ಧೂಳು, ಗೀರು ಕಾರಣ. ಅರಗು ಮತ್ತು ಕಲ್ಲಿನ ಪುಡಿ ಬೆರೆಸಿ ಮಾಡಿದ ತಟ್ಟೆಗಳವು. 1902ರಲ್ಲಿ ತಟ್ಟೆಗೆ ಹಾಡತೊಡಗಿ, 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡ ಗೌಹರ್ ಜಾನ್ ಅವರ ದನಿ ನಮಗೆ ತಲುಪಿರುವುದು ಈ ಚಟಪಟದ ನಡುವಿನಿಂದಲೇ.

ಮನುಷ್ಯನ ಕಿವಿ ಸೆಕೆಂಡಿಗೆ 20,000 ಕಂಪನಗಳಿಂದಾಚೆಗೆ ಕೇಳಲಾರದು. ಅಷ್ಟಕ್ಕೆ ಸಿ.ಡಿ.ಯ ಅಳತೆ ಸಾಲುತ್ತದೆ. ಹಾಗಿದ್ದೂ ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ದಾಖಲೆಗೆ ಕನಿಷ್ಠ 48,000 ಅಳತೆ, 24 ಬಿಟ್ ಇರಲೆಂದು ಹೇಳುವುದೇಕೆ? ಒಂದು ಕಾರಣ ಸ್ವಾರಸ್ಯಕರವಾದುದು. ಗೀರಿನ ‘ಚಟ್’ ಬಲು ಮೊನಚು. ಕಿವಿಗೆ ನಿಲುಕದ ಕಂಪನಗಳೂ ಅದರಲ್ಲಿರುತ್ತವೆ. ಅಳತೆ ಸೂಕ್ಷ್ಮವಾದಷ್ಟೂ ಆ ಮೊನಚು ಸ್ಪಷ್ಟವಾಗಿ ದಾಖಲಾಗಿ, ಮುಂದೆ ಅದನ್ನು ಹಾಡಿನಿಂದ ಬೇರ್ಪಡಿಸುವುದು ಸುಲಭವಾಗುತ್ತದೆ. ಸದ್ದನ್ನು ಕಳೆಯಬೇಕಾದರೂ ಮೊದಲು ಅದನ್ನು ಚೆನ್ನಾಗಿ ಹಿಡಿದಿಡಬೇಕು!

ಶುದ್ಧೀಕರಣದ ತಂತ್ರಾಂಶಗಳ ಬಗ್ಗೆ ಈ ಲೇಖಕನಿಗಿರುವ ಅಳುಕೂ ಇದೇ. ಗಣೆಯ ಉಸಿರು, ಉರುಮೆಯ ಗೊರಗೊರ ಅವುಗಳ ಲೆಕ್ಕಕ್ಕೆ ಕಸವಾಗಿಬಿಡಬಹುದು. ಗುಡಿಸಿದ ಮೇಲೆ ಉಳಿಯುವ ನುಣುಪಾದ ಕೊಳಲು ಜುಂಜಪ್ಪನದಲ್ಲ.

ನಾಯಕನಹಟ್ಟಿಯ ಬಳಿಯ ಕುದಾಪುರದ ಕಾವಲಿನಲ್ಲಿ ಇಂದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ಸುತ್ತಲಿನ ಹಟ್ಟಿಗಳ ಹಾಡಿಗೆ ಬೇಕಾದ ವಿಜ್ಞಾನವಾದರೋ ಅಂಥ ದೊಡ್ಡದೇನಲ್ಲ. ಮೂಲ ಕಡತವನ್ನು ಮುಟ್ಟದೆ ಎರಡು ಕಡೆ ಇಡುವುದು, ತೊಳೆಯುವುದೇನಿದ್ದರೂ ನಕಲಿನಲ್ಲಿ ತೊಳೆಯುವುದು. ಬಡ ಯಂತ್ರ ಸೂಕ್ಷ್ಮ ಕಡತವನ್ನು ನುಡಿಸಲಾರದಾದರೆ, ಕೇಳುವುದಕ್ಕೆಂದೇ 44,100ರ ಇನ್ನೊಂದು ನಕಲು ಮಾಡಿಕೊಂಡರಾಯಿತು.