ಗುಂಡಿನ ಮಳೆಗೆ ಮೈಯೊಡ್ಡಿದ ಉಕ್ಕು

ತಾಮ್ರದ ಹಂಡೆಯ ಮೈಮೇಲೆ ಕಂಚುಗಾರನ ಸುತ್ತಿಗೆಯು ಒತ್ತೊತ್ತಾಗಿ ಉಳಿಸಿಹೋದ ಗುಳಿಗಳನ್ನು ಬರಿಯ ಅಲಂಕಾರವೆಂದು ಬಗೆಯುವವರುಂಟು. ಆದರೆ ತಣ್ಣಗಿರುವಾಗ ಪೆಟ್ಟು ತಿಂದ ಲೋಹವು ಗಡಸಾಗುವುದೆಂಬುದನ್ನು ಆ ಕುಶಲಿಯು ಪುಸ್ತಕದ ನೆರವಿಲ್ಲದೆ, ಕೈಯ ಅನುಭವದಿಂದಲೇ ಬಲ್ಲನು. ಅದೇ ಪೆಟ್ಟಿನ ಕೆಲಸವನ್ನು ಗಸಗಸೆಯಷ್ಟು ಸಣ್ಣ ಉಕ್ಕಿನ ಗುಂಡುಗಳಿಗೆ ವಹಿಸಿ, ಗಾಳಿಯ ರಭಸದಿಂದಲೋ ಗಿರ್ರನೆ ತಿರುಗುವ ಚಕ್ರದಿಂದಲೋ ಅವನ್ನು ಲಕ್ಷಗಟ್ಟಲೆಯಾಗಿ ಎರಚುವ ಕ್ರಿಯೆಗೆ ಕಾರ್ಖಾನೆಗಳಲ್ಲಿ ಶಾಟ್ ಪೀನಿಂಗ್ ಎಂದು ಹೆಸರು. ಮೋಟಾರು ವಾಹನಗಳ ಸ್ಪ್ರಿಂಗು, ಗೇರುಗಳ ಹಲ್ಲು, ವಿಮಾನದ ಭಾರವನ್ನು ನೆಲಕ್ಕಿಳಿಸುವ ಗಾಲಿಗಳ ಕಾಲು ಇವೆಲ್ಲ ಈ ಮಳೆಗೆ ಮೈಯೊಡ್ಡಿದ ಮೇಲೆಯೇ ಕೆಲಸಕ್ಕಿಳಿಯುವುದುಂಟು.

ಒಂದೇ ಸಲಕ್ಕೆ ಎಂದೂ ಮುರಿಯಲಾರದಷ್ಟು ಸಣ್ಣ ಹೊರೆಯೂ ಪದೇ ಪದೇ ಎಳೆದು ಬಿಟ್ಟರೆ ಲೋಹವನ್ನು ದಣಿಸಿ ಬಿರಿಯಿಸಬಲ್ಲುದು; ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಆಗಸ್ಟ್ ವ್ಯೋಲರ್, ರೈಲುಗಾಡಿಯ ಅಚ್ಚುಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಿ, ಈ ದಣಿವನ್ನು ಕ್ರಮವಾಗಿ ಅಳೆದನು. ಬಿರುಕು ಬಹುತೇಕ ಮೇಲ್ಮೈಯಲ್ಲಿ ಹುಟ್ಟುತ್ತದೆ, ಎಳೆತವು ಅದರ ಬಾಯಿಯನ್ನು ತೆರೆಯುತ್ತದೆ. ಗುಂಡು ಬಡಿದಾಗ ಮೇಲಿನ ತೆಳುಪದರವು ಹಿಗ್ಗಿ ಅಗಲವಾಗಲು ಹವಣಿಸುವುದು. ಅಡಿಯಲ್ಲಿರುವ, ಪೆಟ್ಟು ತಟ್ಟದ ಲೋಹವು ಅದಕ್ಕೆ ಎಡೆಗೊಡದೆ ಅದುಮುವುದು. ಹೀಗೆ ಮಿಲಿಮೀಟರಿನ ಕೆಲವೇ ದಶಾಂಶಗಳಷ್ಟು ದಪ್ಪದ ಆ ಚರ್ಮವು ಸದಾ ಅದುಮಿಸಿಕೊಂಡ ಸ್ಥಿತಿಯಲ್ಲಿಯೇ ಉಳಿದು ಬಿರುಕಿನ ಬಾಯಿಯನ್ನು ಮುಚ್ಚಿಹಿಡಿಯುವುದು. ಹೊರಗಿನ ಹೊರೆ ಏನೊಂದೂ ಇಲ್ಲದಿರುವಾಗಲೂ ಒಳಗೆ ನೆಲೆನಿಂತ ಈ ಬಿಗಿಗೆ ಅವಶಿಷ್ಟ ಪ್ರತಿಬಲವೆನ್ನಬಹುದು. ಕಣ್ಣಿಗೆ ಕಾಣದ, ಕೈಗೆ ಎಟುಕದ ಅದನ್ನು ಮುಂಚಿತವಾಗಿ ಲೆಕ್ಕಹಾಕಿ ತಿಳಿಯಬೇಕೆಂಬ ಹಂಬಲದಿಂದಲೇ ಗಣಕಯಂತ್ರಕ್ಕೆ ಇಲ್ಲಿ ಕೆಲಸ ಬಿದ್ದಿತು.

ಒಂದೇ ಒಂದು ಗುಂಡನ್ನು ಹತ್ತಿರದಿಂದ ನೋಡೋಣ. 0.6 ಮಿ.ಮೀ. ವ್ಯಾಸದ ಉಕ್ಕಿನ ಗುಂಡು ಒಂದು ಮಿಲಿಗ್ರಾಂ ಕೂಡ ತೂಗುವುದಿಲ್ಲ. ಸೆಕೆಂಡಿಗೆ 70 ಮೀಟರು, ಎಂದರೆ ಗಂಟೆಗೆ ಸುಮಾರು 250 ಕಿಲೋಮೀಟರು ವೇಗದಲ್ಲಿ ಬಂದು ಬಡಿದು, ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು ಕಾಲ ಮಾತ್ರ ಲೋಹವನ್ನು ಸೋಕಿ, ಕಣ್ಣಿಗೆ ಚುಕ್ಕೆಯಾಗಿ ತೋರುವ ಗುಳಿಯನ್ನು ಬಿಟ್ಟು ಅದು ಪುಟಿದುಹೋಗುತ್ತದೆ. ಗಣಕದಲ್ಲಿ ಇದನ್ನು ಲೆಕ್ಕಹಾಕುವ ಫೈನೈಟ್ ಎಲಿಮೆಂಟ್ ವಿಧಾನವು ಲೋಹವನ್ನು 0.02 ಮಿ.ಮೀ. ಅಗಲದ ಪುಟ್ಟ ಇಟ್ಟಿಗೆಗಳಾಗಿ ಭಾವಿಸಿ, ಪ್ರತಿಯೊಂದು ಇಟ್ಟಿಗೆಯೂ ನೆರೆಯದನ್ನು ಎಷ್ಟು ತಳ್ಳಿತೆಂಬುದನ್ನು ಕ್ಷಣಕ್ಷಣಕ್ಕೂ ಲೆಕ್ಕವಿಡುತ್ತದೆ. ಪೆಟ್ಟಿನ ಅಲೆಯು ಅಂತಹ ಒಂದು ಇಟ್ಟಿಗೆಯನ್ನು ದಾಟಲು ಮೂರು ನಾಲ್ಕು ನ್ಯಾನೊಸೆಕೆಂಡುಗಳು ಸಾಕಾದುದರಿಂದ, ಲೆಕ್ಕದ ಹೆಜ್ಜೆ ಅದಕ್ಕಿಂತ ದೊಡ್ಡದಾಗುವಂತಿಲ್ಲ. ಒಂದು ಗುಂಡಿನ ಒಂದು ಪೆಟ್ಟಿಗೇ ನೂರಾರು ಹೆಜ್ಜೆಗಳು. ಒಂದು ಕಿಲೋಗ್ರಾಂನಲ್ಲಾದರೋ ಇಂತಹ ಗುಂಡುಗಳು ಹನ್ನೊಂದು ಲಕ್ಷಕ್ಕೂ ಮಿಕ್ಕಿರುತ್ತವೆ.

ಈ ಲೆಕ್ಕಕ್ಕೆ ಅಂಜಿ ಹಲವರು ಗುಂಡುಗಳನ್ನು ಚೌಕದ ಮನೆಗಳಲ್ಲಿಟ್ಟಂತೆ ಸಾಲಾಗಿ, ಸಮಾನ ಅಂತರದಲ್ಲಿ ಬೀಳಿಸಿ, ಒಂದು ಮನೆಯ ಉತ್ತರವನ್ನೇ ಇಡೀ ಮೈಗೆ ಅನ್ವಯಿಸಿದರು. ಈ ಸೌಷ್ಠವ ಮನೋಹರವಾದುದು, ಆದರೆ ಮಳೆ ಹಾಗೆ ಬೀಳುವುದಿಲ್ಲ. ಒಣಗಿದ ಜಗುಲಿಯ ಕಲ್ಲಿನ ಮೇಲೆ ಮೊದಲ ಹನಿಗಳೆಲ್ಲ ಹೊಸ ಜಾಗವನ್ನೇ ತೋಯಿಸುತ್ತವೆ. ಬರಬರುತ್ತಾ ಹನಿಗಳು ತೊಯ್ದಲ್ಲಿಯೇ ಮತ್ತೆ ಬೀಳುತ್ತವೆ. ಎಲ್ಲೋ ಒಂದು ಒಣಚುಕ್ಕೆ ಬಹಳ ಹೊತ್ತು ಹಾಗೆಯೇ ಉಳಿಯುತ್ತದೆ. ಗುಂಡುಗಳ ಹೊದಿಕೆಯೂ ಹೀಗೆಯೇ ಬೆಳೆಯುವುದರಿಂದಲೇ ಶೇಕಡ 98ರಷ್ಟು ಮುಚ್ಚಿತೆಂದರೆ ಪೂರ್ಣವೆಂದು ಒಪ್ಪುವ ರೂಢಿ ಬಂದಿದೆ. ಆದುದರಿಂದ ಗುಂಡು ಬೀಳುವ ತಾಣವನ್ನು ಗೊತ್ತುಗುರಿಯಿಲ್ಲದ ಅಂಕಿಗಳಿಂದ ಆರಿಸುವ ಮಾದರಿಯೇ ನಿಜಕ್ಕೆ ಹತ್ತಿರವೆಂದು ನಾನು ನಂಬಿದ್ದೇನೆ. ಅದರಲ್ಲಿ ಒಂದು ಬಿಂದುವಿನ ಬಿಗಿಗೂ ಪಕ್ಕದ ಬಿಂದುವಿನ ಬಿಗಿಗೂ ತಾಳೆಯಾಗದು, ನಿಜ. ಆದರೆ ಲೋಹದ ಬಿಗಿಯನ್ನು ಅಳೆಯುವ ಎಕ್ಸ್-ಕಿರಣದ ಕಂತೆಯೂ ಬಿಂದುವನ್ನಲ್ಲ, ಒಂದು ವಿಸ್ತಾರವನ್ನು ನೋಡಿ ಸರಾಸರಿಯನ್ನೇ ಹೇಳುವುದು. ಅದಕ್ಕೆ ಹೋಲಿಸಬೇಕಾದುದೂ ಗಣಕದ ಸರಾಸರಿಯನ್ನೇ.

ಇನ್ನೊಂದು ತೊಡಕು ಲೋಹದ ಸ್ವಭಾವದಲ್ಲಿಯೇ ಅಡಗಿದೆ. ಒಂದು ದಿಕ್ಕಿಗೆ ಎಳೆದು ಮಣಿಸಿದ ಲೋಹವು ಮರಳಿ ಅದುಮುವಾಗ ಬೇಗನೆ ಮಣಿಯುತ್ತದೆಂದು ಮ್ಯೂನಿಕ್ಕಿನ ಯೋಹಾನ್ ಬೌಶಿಂಗರ್ 1880ರ ದಶಕದಲ್ಲಿಯೇ ತೋರಿಸಿದ್ದನು. ಗುಂಡುಗಳ ಮರುಪೆಟ್ಟುಗಳಲ್ಲಿ ಲೋಹವು ಹೀಗೆ ಹಿಂದುಮುಂದಾಗಿ ಮಣಿಯುವುದನ್ನು ಮರೆತು, ಪೆಟ್ಟಿಗೆ ಪೆಟ್ಟು ಗಡಸೇ ಆಗುವುದೆಂದು ಭಾವಿಸಿದ ಲೆಕ್ಕವು ಇರುವುದಕ್ಕಿಂತ ಹೆಚ್ಚಿನ ಬಿಗಿಯನ್ನು ತೋರಿಸಿಬಿಡುವುದು. ವಿಮಾನದ ಕಾಲಿಗೆ ಇಲ್ಲದ ಬಲವನ್ನು ಇದೆಯೆಂದು ಹೇಳುವ ಇಂತಹ ತಪ್ಪನ್ನು ಕ್ಷಮಿಸುವಂತಿಲ್ಲ.

ಗಣಕದ ಈ ಲೆಕ್ಕವನ್ನು ಪರೀಕ್ಷಿಸುವ ಒರೆಗಲ್ಲು ಹಳೆಯದೇ. ಜನರಲ್ ಮೋಟಾರ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿದ್ದ ಜಾನ್ ಆಲ್ಮೆನ್ 1944ರಲ್ಲಿ ಅಮೆರಿಕದ ಪೇಟೆಂಟ್ ಪಡೆದ ಉಕ್ಕಿನ ಪಟ್ಟಿಯಿದೆ: 76 ಮಿ.ಮೀ. ಉದ್ದ, 19 ಮಿ.ಮೀ. ಅಗಲ. ದಿಮ್ಮಿಯ ಮೇಲೆ ನಾಲ್ಕು ಸ್ಕ್ರೂಗಳು ಅದನ್ನು ಅಂಚಿನಲ್ಲಿ ಅದುಮಿ ಹಿಡಿದಿರುತ್ತವೆ. ಒಂದು ಮೈಗೆ ಮಾತ್ರ ಗುಂಡು ಬೀಳುತ್ತದೆ. ಸ್ಕ್ರೂಗಳನ್ನು ಸಡಿಲಿಸಿದೊಡನೆ ಹಿಗ್ಗಿದ ಮೈ ಮೇಲಾಗಿ ಪಟ್ಟಿಯು ಬಿಲ್ಲಿನಂತೆ ಬಾಗಿ ಏಳುವುದು, ಆ ಏರಿಕೆಯನ್ನು ಗೇಜಿನ ಮುಳ್ಳು ಮಿಲಿಮೀಟರಿನ ನೂರರ ಪಾಲುಗಳಲ್ಲಿ ಹೇಳುವುದು. ಈಗ ಗಣಕದೊಳಗೂ ಅಂತಹ ಪಟ್ಟಿಯನ್ನು ಹೂಡಿ, ಗುಂಡು ಸುರಿಸಿ, ಸ್ಕ್ರೂ ಸಡಿಲಿಸುತ್ತಾರೆ; ಅದು ಎಷ್ಟು ಬಾಗಿ ಏಳುತ್ತದೆಂದು ನೋಡಿ, ಮೇಜಿನ ಮೇಲಿನ ಗೇಜಿನ ಕಡೆಗೆ ತಿರುಗುತ್ತಾರೆ.