ಉತಾರದಲ್ಲಿಲ್ಲದ ರೈತ

ಮಲಪ್ರಭೆಯ ದಂಡೆಯ ರಾಮದುರ್ಗಕ್ಕೆ ದೊರೆಯ ಮುಂದೆ ಕಷ್ಟ ಹೇಳಿಕೊಳ್ಳುವುದು ಹೊಸದಲ್ಲ. ಸಂಸ್ಥಾನವಿದ್ದ ಕಾಲದಲ್ಲಿ, 1939ರ ಏಪ್ರಿಲಿನಲ್ಲಿ, ಕರಭಾರದ ವಿರುದ್ಧ ಇಲ್ಲಿಯ ಪ್ರಜೆಗಳು ಎದ್ದುನಿಂತದ್ದು ಇತಿಹಾಸಕ್ಕೆ ಸೇರಿದ ಮಾತು. ನಮ್ಮ ಕಣ್ಣೆದುರಿಗೇ, 2019ರ ಆಗಸ್ಟಿನಲ್ಲಿ, ಹೊಳೆಯು ಹೊಲಗಳಿಗೆ ನುಗ್ಗಿತು. ಆ ಪೆಟ್ಟಿನಿಂದ ರೈತನು ಇನ್ನೂ ಚೇತರಿಸಿಕೊಂಡಿರಲಿಲ್ಲ. 2020ರ ಮಾರ್ಚ್ 25ರಿಂದ ಕೊರೋನಾ ಮಹಾಮಾರಿಗೆ ಅಂಜಿ ದೇಶವೇ ಬಾಗಿಲಿಕ್ಕಿತು. ಸಂತೆ ನಿಂತಿತು, ಕಾಯಿಪಲ್ಲೆ ಗಿಡದಲ್ಲೇ ಬಾಡಿತು, ಗೋವಿನಜೋಳದ ಬೆಲೆ ಕುಸಿಯಿತು.

ಆಗ ಸರ್ಕಾರವು ನೆರವಿಗೆ ಬಂದಿತೆಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. 2020ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರವು ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ, ಹಣ್ಣು ತರಕಾರಿ ಬೆಳೆದವರಿಗೆ ಹೆಕ್ಟೇರಿಗೆ 15,000 ರೂಪಾಯಿ, ಗೋವಿನಜೋಳ ಬೆಳೆದ ಪ್ರತಿ ರೈತನಿಗೆ 5,000 ರೂಪಾಯಿ ಎಂದು ಸಾರಿತು. ತರಕಾರಿಯ ಹಣವನ್ನು ನಮ್ಮ ಅಳತೆಗೆ ಇಳಿಸಿದರೆ ಗುಂಟೆಗೆ ಸುಮಾರು 150 ರೂಪಾಯಿ. ಗೋವಿನಜೋಳಕ್ಕೆ ಆ ಸಾಲಿನ ಬೆಂಬಲ ಬೆಲೆ ಕ್ವಿಂಟಲಿಗೆ 1,760 ರೂಪಾಯಿ ಇದ್ದುದರಿಂದ, 5,000 ರೂಪಾಯಿ ಎಂದರೆ ಮೂರು ಕ್ವಿಂಟಲಿಗೂ ಕಡಿಮೆ. ಕೇಂದ್ರದಿಂದ ಏಪ್ರಿಲಿನಲ್ಲಿ ಬಂದ 2,000 ರೂಪಾಯಿಯಾದರೋ ಹೊಸ ಹಣವಲ್ಲ. ಕಿಸಾನ್ ಸಮ್ಮಾನ್ ಯೋಜನೆಯ ವಾರ್ಷಿಕ 6,000 ರೂಪಾಯಿಯ ಒಂದು ಕಂತನ್ನೇ ಮುಂಗಡವಾಗಿ ಕೊಟ್ಟದ್ದು.

ಮೊತ್ತ ಸಣ್ಣದಾಯಿತೆಂದು ನಾನು ದೂರುವುದಿಲ್ಲ. ಹಸಿದವನಿಗೆ ಅರ್ಧ ರೊಟ್ಟಿಯೂ ರೊಟ್ಟಿಯೇ. ನನ್ನನ್ನು ಕಾಡುವ ಪ್ರಶ್ನೆ ಬೇರೆ: ಆ ರೊಟ್ಟಿ ಯಾರ ಕೈಗೆ ಬಂದಿತು?

ಪಹಣಿಗೆ ನಮ್ಮ ಕಡೆ ಉತಾರ ಎನ್ನುತ್ತಾರೆ. ಬೆಳೆ ಸಮೀಕ್ಷೆಯು ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆಯಿದೆ ಎಂಬುದನ್ನು ದಾಖಲಿಸುತ್ತದೆ. ಆ ನಂಬರಿನ ಉತಾರದಲ್ಲಿ ಯಾರ ಹೆಸರಿದೆಯೋ ಅವರ ಬ್ಯಾಂಕ್ ಖಾತೆಗೆ ಹಣ ಹೋಗುತ್ತದೆ. ನಡುವೆ ದಲ್ಲಾಳಿಯಿಲ್ಲವೆಂಬುದು ದೊಡ್ಡ ಗುಣವೇ ಸರಿ. ಆದರೆ ಹೊಲವನ್ನು ಲಾವಣಿಗೆ ಹಿಡಿದು, ಬೀಜ ಗೊಬ್ಬರಕ್ಕೆ ಸಾಲ ಮಾಡಿ, ನಷ್ಟವನ್ನೆಲ್ಲ ತಾನೇ ಹೊತ್ತವನು ಆ ಕಾಗದದಲ್ಲಿ ಎಲ್ಲಿಯೂ ಇಲ್ಲ. ಅಂಥ ಒಬ್ಬ ಹಿರಿಯನನ್ನು, ಗೋವಿನಜೋಳದ ಹಣ ಬಂದಿತೇ ಎಂದು ನಾನು ಕೇಳಿದೆ.

“ಬಂದಿರಬೇಕ್ರಿ ಮಾಸ್ತರ, ಹೊಲದವರ ಖಾತೇಕ್ಕ. ನಾ ಹ್ಯಾಂಗ ಕೇಳ್ಲಿ? ಬರೂ ವರ್ಷಾನೂ ಹೊಲಾ ಅವರಽ ಕೊಡಬೇಕಲ್ಲ?” ಎಂದನು.

ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಲೆಕ್ಕವಿತ್ತು. ಐದು ಸಾವಿರ ಕೇಳಲು ಹೋಗಿ ಹೊಲವನ್ನೇ ಕಳೆದುಕೊಳ್ಳುವಷ್ಟು ಅವಿವೇಕಿ ಅವನಲ್ಲ. ಹೊಲದೊಡೆಯನೂ ದುಷ್ಟನೆಂದು ನಾನು ಹೇಳಲಾರೆ. ತನ್ನ ಹೆಸರಿಗೆ ಬಂದ ಹಣ ತನ್ನದೆಂದು ಅವನು ನಂಬಿದ್ದರೆ ಕಾಗದವು ಅವನ ಪರವಾಗಿಯೇ ಇದೆ.

ಇದರ ಬೇರು ಹಳೆಯದು. ಕರ್ನಾಟಕದ ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ಜಾರಿಗೆ ಬಂದ ತಿದ್ದುಪಡಿಯು ಉಳುವವನನ್ನು ಹೊಲದೊಡೆಯನನ್ನಾಗಿ ಮಾಡಿತು; ಕೆಲವು ವಿನಾಯಿತಿಗಳನ್ನುಳಿದು ಗೇಣಿಯನ್ನೇ ನಿಷೇಧಿಸಿತು. ಅದು ನಮ್ಮ ನಾಡಿನ ಮಹತ್ತ್ವದ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅನಂತರವೂ ಹೊಲವಿಲ್ಲದವರು ಉಳಿದರು, ಊರು ಬಿಟ್ಟ ಹೊಲದವರೂ ಹೆಚ್ಚಿದರು. ಲಾವಣಿ ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು. ಬರೆದುಕೊಟ್ಟರೆ ಹೊಲ ಹೋದೀತೆಂದು ಒಡೆಯನಿಗೆ ಅಂಜಿಕೆ. ಬರೆಸಿಕೊಳ್ಳದಿದ್ದರೆ ಬೆಳೆಸಾಲವೂ ಪರಿಹಾರವೂ ದೊರೆಯದೆಂಬ ಸಂಕಟ ಉಳುವವನಿಗೆ. ಅವನನ್ನು ಕಾಯಲೆಂದು ಹುಟ್ಟಿದ ಕಾಯ್ದೆಯ ನೆರಳಿನಲ್ಲಿಯೇ ಅವನು ಮರೆಯಾದನು.

ಉಪಾಯವಿಲ್ಲವೆಂದಲ್ಲ. ನೆರೆಯ ಆಂಧ್ರಪ್ರದೇಶವು 2019ರಲ್ಲಿ ಸಾಗುವಳಿದಾರರ ಹಕ್ಕಿನ ಕಾಯ್ದೆಯೊಂದನ್ನು ಮಾಡಿ, ಒಡೆಯನ ಸ್ವಾಮ್ಯಕ್ಕೆ ಧಕ್ಕೆ ಬಾರದಂತೆ, ಹನ್ನೊಂದು ತಿಂಗಳ ಮಟ್ಟಿಗೆ ಉಳುವವನ ಹೆಸರನ್ನು ಕಾಗದಕ್ಕೆ ತಂದಿತು. ಅದಕ್ಕೂ ಒಡೆಯನ ಒಪ್ಪಿಗೆ ಬೇಕಾದುದರಿಂದ ತೊಡಕುಗಳುಂಟು; ಆದರೂ ದಾರಿ ಅದೇ. ನಮ್ಮಲ್ಲಿ ಸಮೀಕ್ಷೆಗೆಂದು ಹೊಲಕ್ಕೆ ಬಂದು ಬೆಳೆಯ ಚಿತ್ರ ತೆಗೆದುಕೊಳ್ಳುವವನು, ಬದುವಿನ ಮೇಲೆ ನಿಂತವನನ್ನು “ಇದನ್ನು ಬೆಳೆದವರು ಯಾರು?” ಎಂದು ಕೇಳಿ ಬರೆದುಕೊಳ್ಳಲು ಎಷ್ಟು ಹೊತ್ತು ಬೇಕು? ಮತ್ತೊಮ್ಮೆ ಹೊಳೆ ಉಕ್ಕುವ ಮೊದಲೇ ಆ ಒಂದು ಸಾಲು ದಾಖಲೆಗೆ ಸೇರಬೇಕು.